ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಹೊಸ ಆವೃತ್ತಿ ಬಂದಿದೆ

ಬ್ರೌಸರ್ ಅಪ್‌ಡೇಟ್ ಆದ ಮರುದಿನ ಯಾವುದೋ ಎಕ್ಸ್‌ಟೆನ್ಷನ್ ಕೈಕೊಡ್ತು ಅಂತ ಯಾರನ್ನಾದರೂ ಕೇಳಿ ನೋಡಿ, ಉತ್ತರ ಒಂದೇ: 'ಎಲ್ಲಾ ಎಕ್ಸ್‌ಟೆನ್ಷನ್ ಆಫ್ ಮಾಡಿ, ಆಮೇಲೆ ಒಂದೊಂದಾಗಿ ಆನ್ ಮಾಡ್ತಾ ಬನ್ನಿ.' ಸಲಹೆ ಕೆಟ್ಟದ್ದೇನಲ್ಲ, ಆಫೀಸಲ್ಲಿ ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳ್ತೀನಿ. ಆದರೆ ಅದರೊಳಗೆ ಒಂದು ತೀರ್ಪು ಸದ್ದಿಲ್ಲದೆ ಕೂತಿದೆ. ತಪ್ಪು ಎಕ್ಸ್‌ಟೆನ್ಷನ್‌ನದು, ಅದನ್ನು ಹುಡುಕೋ ಕೆಲಸ ನಿಮ್ಮದು, ಬ್ರೌಸರ್ ಮಾತ್ರ ನಿರ್ದೋಷಿ. ಈ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ ಇದೆ.

ಉದಾಹರಣೆಗೆ ಫೈರ್‌ಫಾಕ್ಸನ್ನೇ ತಗೊಳ್ಳೋಣ. ಅದರ ಹಿಂದಿರೋ ಮೊಜಿಲ್ಲಾ ಲಾಭಕ್ಕಾಗಿ ಹುಟ್ಟಿದ ಸಂಸ್ಥೆಯಲ್ಲ. ಹಾಗಾಗಿ 'ದುಡ್ಡಿನಾಸೆ' ಅಂತ ಒಂದೇ ಮಾತಲ್ಲಿ ವಿಚಾರ ಮುಗಿಸೋಕಾಗಲ್ಲ. ಒಳ್ಳೆಯ ಉದ್ದೇಶ ಇದ್ದವರ ಕೈಯಲ್ಲೂ ಈ ಕೆಲಸ ಹೇಗೆ ಎಡವುತ್ತೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ.

2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಅದರ ಆಕರ್ಷಣೆಯೇ ಎಕ್ಸ್‌ಟೆನ್ಷನ್‌ಗಳು. ಬ್ರೌಸರ್ ಸಣ್ಣದಾಗಿರಲಿ, ಮಿಕ್ಕಿದ್ದನ್ನು ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಿ ಅನ್ನೋದು ಅದರ ಮಾತು. ಜಾಲತಾಣ ಕಟ್ಟೋರಿಗೆ ಫೈರ್‌ಬಗ್ ಬಂತು. ಓದಿದ ಪುಟಗಳನ್ನು ಎತ್ತಿಡೋರಿಗೆ ಸ್ಕ್ರ್ಯಾಪ್‌ಬುಕ್ ಇತ್ತು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಡೌನ್‌ಲೋಡ್ ಫ್ರೀ ಇದ್ದ ಕಾಲದಲ್ಲಿ ಅಲಾರಂ ಇಟ್ಟು ಎದ್ದು, ಡೌನ್‌ದೆಮ್‌ಆಲ್‌ಗೆ ಪಟ್ಟಿ ಒಪ್ಪಿಸಿ ಮತ್ತೆ ಮಲಗಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಇವನ್ನೆಲ್ಲ ಬರೆದವರು ಬಹುಪಾಲು ಒಬ್ಬಂಟಿಗಳು, ಸಂಬಳ ಇಲ್ಲದೆ ರಜೆ ದಿನಗಳಲ್ಲಿ ಕೆಲಸ ಮಾಡಿದವರು.

ಮೊದಲ ದೊಡ್ಡ ತಲೆನೋವು ಶುರುವಾಗಿದ್ದು 2011ರಲ್ಲಿ. ಮಾರ್ಚ್‌ನಲ್ಲಿ ನಾಲ್ಕನೇ ಆವೃತ್ತಿ, ಜೂನ್‌ನಲ್ಲೇ ಐದನೆಯದು, ಅಲ್ಲಿಂದ ಮುಂದೆ ಆರು ವಾರಕ್ಕೊಂದು. ಪ್ರತಿ ಎಕ್ಸ್‌ಟೆನ್ಷನ್ ಒಳಗೂ 'ನಾನು ಇಂಥ ಆವೃತ್ತಿವರೆಗೆ ಮಾತ್ರ ಓಡ್ತೀನಿ' ಅಂತ ಒಂದು ಸಂಖ್ಯೆ ಬರೆದಿರುತ್ತಿತ್ತು, ಬಸ್ ಪಾಸಿನ ಮೇಲೆ ಕೊನೇ ದಿನಾಂಕ ಇರೋ ಹಾಗೆ. ಕೋಡ್ ಸರಿಯಾಗೇ ಇದ್ದರೂ ಸಂಖ್ಯೆ ದಾಟಿದ ತಕ್ಷಣ ಬ್ರೌಸರ್ 'ಹೊಂದುವುದಿಲ್ಲ' ಅಂತ ಬಾಗಿಲು ಹಾಕುತ್ತಿತ್ತು. ಬಲ್ಲವರು ಏನು ಮಾಡುತ್ತಿದ್ದರು? ಎಕ್ಸ್‌ಟೆನ್ಷನ್ ಫೈಲ್ ಅಸಲಿಗೆ ಒಂದು ಜಿಪ್ ಫೈಲ್. ಅದನ್ನು ಬಿಚ್ಚಿ, ಒಳಗಿನ ಸಂಖ್ಯೆ ತಿದ್ದಿ, ಮತ್ತೆ ಕಟ್ಟುತ್ತಿದ್ದರು. ಎಷ್ಟೋ ಸಲ ಅಷ್ಟರಲ್ಲೇ ಎಲ್ಲಾ ಸರಿಹೋಗುತ್ತಿತ್ತು. 2012ರ ಜನವರಿಯಲ್ಲಿ ಬಂದ ಹತ್ತನೇ ಆವೃತ್ತಿಯಲ್ಲಿ ಮೊಜಿಲ್ಲಾ ನಿಯಮವನ್ನೇ ತಿರುಗಿಸಿತು: ಬೇರೆ ಕಾರಣ ಕಾಣದಿದ್ದರೆ ಹೊಂದುತ್ತೆ ಅಂತಲೇ ಭಾವಿಸು. ಕಾಗದದ ಮೇಲೆ ಹೊಂದದಿರೋದು ಬೇರೆ, ನಿಜಕ್ಕೂ ಹೊಂದದಿರೋದು ಬೇರೆ ಅಂತ ಅದು ಒಪ್ಪಿಕೊಂಡ ಹಾಗಾಯ್ತು.

ನಿಜಕ್ಕೂ ಹೊಂದದೆ ಹೋಗಿದ್ದು 2017ರ ನವೆಂಬರ್ 14ರಂದು. ಫೈರ್‌ಫಾಕ್ಸ್ 57, 'ಕ್ವಾಂಟಮ್' ಅನ್ನೋ ಹೆಸರಲ್ಲಿ ಬಂದಿದ್ದು, ಹಳೇ ಪದ್ಧತಿಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು.

ಮೊಜಿಲ್ಲಾದ ವಾದವನ್ನು ಮೊದಲು ಕೇಳಬೇಕು, ಯಾಕಂದ್ರೆ ಅದು ಗಟ್ಟಿಯಾದದ್ದು. ಹಳೇ ಎಕ್ಸ್‌ಟೆನ್ಷನ್‌ಗೆ ಬ್ರೌಸರಿನ ಹೊಟ್ಟೆಯೊಳಗೆಲ್ಲ ಕೈ ಹಾಕೋ ಸ್ವಾತಂತ್ರ್ಯ ಇತ್ತು. ಬಾಡಿಗೆಗೆ ಇದ್ದವರು ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡ್ಕೊಂಡರೆ ಹೇಗೋ ಹಾಗೆ. ಆಮೇಲೆ ಓನರ್ ಒಂದು ಪೈಪ್ ಬದಲಾಯಿಸಬೇಕಂದ್ರೂ ಯಾರ ಮನೆಯ ಶೆಲ್ಫ್ ಕುಸಿಯುತ್ತೋ ಅಂತ ಹೆದರಬೇಕು. ಪುಟಗಳಿಗೆ ಬೇರೆ ಬೇರೆ ಪ್ರೋಸೆಸ್ ಕೊಡೋ ಕೆಲಸ 2016ರ ಆಗಸ್ಟ್‌ನಲ್ಲಿ 48ನೇ ಆವೃತ್ತಿಯೊಂದಿಗೆ ಜನರ ಕೈಗೆ ಬರೋಕೆ ಶುರುವಾಯ್ತು. ಒಂದು ಟ್ಯಾಬ್ ಬಿದ್ದರೆ ಇಡೀ ಬ್ರೌಸರ್ ಬೀಳಬಾರದು ಅನ್ನೋದು ಉದ್ದೇಶ. ಅದಕ್ಕೆ ಅಡ್ಡಗಾಲಾಗಿದ್ದೂ ಈ ಹಳೇ ಸ್ವಾತಂತ್ರ್ಯವೇ. ಸುರಕ್ಷತೆಯ ಮಾತಂತೂ ಬೇರೆ ಹೇಳಬೇಕಿಲ್ಲ. ಮುನ್ಸೂಚನೆಯನ್ನೂ 2015ರ ಆಗಸ್ಟ್‌ನಲ್ಲೇ ಕೊಟ್ಟಿದ್ದರು. ಇದಿಷ್ಟಕ್ಕೂ ನನ್ನ ತಕರಾರಿಲ್ಲ. ಗೋಡೆ ಸರಿಮಾಡಲೇಬೇಕಿತ್ತು.

ತಕರಾರಿರೋದು ಆ ಖರ್ಚನ್ನು ಯಾರ ತಲೆಗೆ ಕಟ್ಟಿದರು ಅನ್ನೋದರ ಬಗ್ಗೆ. ಹೊಸ ವೆಬ್‌ಎಕ್ಸ್‌ಟೆನ್ಷನ್ ಪದ್ಧತಿ ಸುರಕ್ಷಿತ, ಆದರೆ ಕೈಕಾಲು ಕಟ್ಟಿದ್ದು. ಹಳೇದರಲ್ಲಿ ಸಾಧ್ಯವಿದ್ದ ಎಷ್ಟೋ ಕೆಲಸಗಳಿಗೆ ಹೊಸದರಲ್ಲಿ ದಾರಿಯೇ ಇರಲಿಲ್ಲ. ಬ್ರೌಸರಿನ ಮುಖವನ್ನು ಹಳೇ ರೂಪಕ್ಕೆ ತರುತ್ತಿದ್ದ ಕ್ಲಾಸಿಕ್ ಥೀಮ್ ರಿಸ್ಟೋರರ್ ಅಲ್ಲಿಗೇ ಮುಗೀತು. ನೋಸ್ಕ್ರಿಪ್ಟ್ ಕೆಲವೇ ದಿನಗಳಲ್ಲಿ ಹೊಸ ಅವತಾರದಲ್ಲಿ ಬಂತು. ಡೌನ್‌ದೆಮ್‌ಆಲ್ ವಾಪಸ್ ಬಂದಿದ್ದು 2019ರಲ್ಲಿ, ಮೊದಲಿಂದ ಬರೆಸಿಕೊಂಡು, ಹಳೇ ಸೌಲಭ್ಯಗಳಲ್ಲಿ ಕೆಲವನ್ನು ಕಳೆದುಕೊಂಡು. ಸ್ಕ್ರ್ಯಾಪ್‌ಬುಕ್‌ನಲ್ಲಿ ವರ್ಷಗಟ್ಟಲೆ ಪುಟ ಕೂಡಿಟ್ಟವರ ಫೈಲ್‌ಗಳು ಪ್ರೊಫೈಲ್ ಫೋಲ್ಡರಿನಲ್ಲಿ ಹಾಗೇ ಇದ್ದವು. ಆದರೆ ಅವನ್ನು ಜೋಡಿಸಿ ತೋರಿಸೋ ಸೈಡ್‌ಬಾರ್ ಮಾಯ. ಪುಸ್ತಕಗಳೆಲ್ಲ ಇದ್ದು, ಗ್ರಂಥಾಲಯದ ಕಾರ್ಡ್ ಪೆಟ್ಟಿಗೆ ಮಾತ್ರ ಹೋದ ಹಾಗೆ. ಅವುಗಳನ್ನು ಮತ್ತೆ ಓದಿಸೋ ಹೊಸ ಎಕ್ಸ್‌ಟೆನ್ಷನ್ ಬರೆದಿದ್ದೂ ಮೊಜಿಲ್ಲಾ ಅಲ್ಲ, ಮತ್ತೊಬ್ಬ ಸ್ವಯಂಸೇವಕ.

ಆಗ ಆಡ್-ಆನ್ ಪುಟದಲ್ಲಿ ಅಂಟಿಸಿದ ಪಟ್ಟಿ ನೆನಪಿರಬಹುದು: 'ಲೆಗಸಿ'. ನಮ್ಮಲ್ಲಿ ಪಿತ್ರಾರ್ಜಿತ ಅಂದ್ರೆ ಕೋರ್ಟು ಹತ್ತಿಯಾದರೂ ಉಳಿಸಿಕೊಳ್ಳೋ ವಸ್ತು. ತಂತ್ರಾಂಶದ ಊರಲ್ಲಿ ಅದೇ ಪದಕ್ಕೆ ಹಿತ್ತಲಿನ ಗುಜರಿ ಅಂತ ಅರ್ಥ. ಪಕ್ಕದಲ್ಲೇ 'ಬದಲಿ ಹುಡುಕಿ' ಅನ್ನೋ ಬಟನ್. ಅಂದರೆ ಹುಡುಕೋರು ಮತ್ತೆ ನಾವೇ.

ಹಾಗಾದರೆ ಅಪ್‌ಗ್ರೇಡೇ ಬೇಡ ಅಂತೀರಾ ಅಂದ್ರೆ, ಅದೂ ಅಲ್ಲ. ಆ ದಾರಿ ಹಿಡಿದವರ ಕಥೆ ನಮ್ಮ ಮುಂದಿದೆ. ಜಾವಾ ಆಪ್ಲೆಟ್‌ನಂಥ ಹಳೇ ಪ್ಲಗ್-ಇನ್‌ಗಳನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ ಫ್ಲ್ಯಾಶ್ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ನಿಲ್ಲಿಸಿತು. ಡಿಜಿಟಲ್ ಸಹಿಗೆ ಆಪ್ಲೆಟನ್ನೇ ನಂಬಿದ್ದ ಕೆಲವು ಜಾಲತಾಣಗಳು ಬದಲಾಗೋ ಬದಲು 'ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ' ಅಂತ ಬೋರ್ಡ್ ಹಾಕಿದವು. ನಾನು ನೋಡಿದ ಒಂದೆರಡು ಆಡಿಟರ್ ಆಫೀಸುಗಳಲ್ಲಿ ಅದಕ್ಕೇ ಅಂತ ಮೂಲೆಯಲ್ಲೊಂದು ಹಳೇ ಕಂಪ್ಯೂಟರ್ ಇರುತ್ತಿತ್ತು. ಅಪ್‌ಡೇಟ್ ಮಾಡಬೇಡಿ ಅಂತ ಅದರ ಮೇಲೆ ಚೀಟಿ ಬೇರೆ. ಅತಿ ಮುಖ್ಯವಾದ ಸಹಿ ಬೀಳುತ್ತಿದ್ದುದು ಅತಿ ಅಸುರಕ್ಷಿತ ಯಂತ್ರದಲ್ಲಿ! 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಿವೃತ್ತಿಯಾಯ್ತು.

ಇನ್ನು ಆ 'ಒಂದೊಂದಾಗಿ ಆಫ್ ಮಾಡಿ' ಸಲಹೆ ಎಲ್ಲಿ ಮುಗ್ಗರಿಸುತ್ತೆ ಅನ್ನೋದಕ್ಕೆ 2019ರ ಮೇ 4 ಒಳ್ಳೇ ಪಾಠ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಐದೂವರೆ. ಆ ದಿನ ಯಾರೂ ಏನನ್ನೂ ಅಪ್‌ಗ್ರೇಡ್ ಮಾಡಿರಲಿಲ್ಲ. ಎಕ್ಸ್‌ಟೆನ್ಷನ್‌ಗಳ ಸಹಿ ದೃಢೀಕರಿಸೋ ಮೊಜಿಲ್ಲಾದ್ದೇ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೆ. ಅಲ್ಲಿಂದ ಫೈರ್‌ಫಾಕ್ಸ್ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಸಾಲುಸಾಲಾಗಿ ನಿಂತುಹೋದವು. ಟಾರ್ ಬ್ರೌಸರ್‌ನಲ್ಲಿ ನೋಸ್ಕ್ರಿಪ್ಟ್ ಕೂಡ ನಿಂತಿತು. ಗುಟ್ಟಾಗಿರೋದೇ ಜೀವರಕ್ಷಣೆ ಆಗಿರೋರು ಬಳಸೋ ಬ್ರೌಸರ್ ಅದು. ಸಲಹೆ ನಂಬಿ ಎಕ್ಸ್‌ಟೆನ್ಷನ್ ಕಿತ್ತುಹಾಕಿ ಮತ್ತೆ ಹಾಕೋಕೆ ಹೋದವರು ಒಳಗಿನ ಸೆಟ್ಟಿಂಗ್ಸ್ ಕಳೆದುಕೊಂಡರು. ಸುಮ್ಮನೆ ಕೂತವರಿಗೆ ಮರುದಿನ ಬಂದ 66.0.4ರ ಜೊತೆ ಎಲ್ಲಾ ವಾಪಸ್ ಬಂತು.

ಈಚಿನದು ಕ್ರೋಮ್ ಕಥೆ. ಮ್ಯಾನಿಫೆಸ್ಟ್ ವಿ3 ಅನ್ನೋ ಹೊಸ ನಿಯಮ, 2024ರಿಂದ ಹಳೇ ನಿಯಮದ ಎಕ್ಸ್‌ಟೆನ್ಷನ್‌ಗಳನ್ನು ಹಂತಹಂತವಾಗಿ ನಿಲ್ಲಿಸ್ತಾ ಬಂತು. ಪುಟ ಕೇಳೋ ಪ್ರತಿಯೊಂದನ್ನೂ ತಡೆದು ನೋಡಿ ಬಿಡೋದೋ ಬೇಡವೋ ಅಂತ ಎಕ್ಸ್‌ಟೆನ್ಷನ್ ತಾನೇ ನಿರ್ಧರಿಸೋ ಅವಕಾಶ ಹೋಯ್ತು. ಈಗ ಪಟ್ಟಿಯನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು, ಮಿಕ್ಕಿದ್ದು ಬ್ರೌಸರ್ ನೋಡ್ಕೊಳ್ಳುತ್ತೆ. ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಹಳೇ ರೂಪದಲ್ಲಿ ಅಲ್ಲಿ ಉಳಿಯಲಿಲ್ಲ, 'ಲೈಟ್' ಆಗಿ ಬಂತು. ಕಾರಣಗಳು ಮತ್ತೆ ಅವೇ: ಸುರಕ್ಷತೆ, ವೇಗ. ಸುಳ್ಳಲ್ಲ. ಆದರೆ ಇಲ್ಲಿ ಓನರ್‌ಗೆ ಜಾಹೀರಾತಿನ ವ್ಯಾಪಾರವೂ ಇದೆ. ಹಾಗಾಗಿ ಮೊಜಿಲ್ಲಾಗೆ ಕೊಟ್ಟ ರಿಯಾಯಿತಿ ಗೂಗಲ್‌ಗೆ ಕೊಡೋಕೆ ನನಗೆ ಮನಸ್ಸಾಗಲ್ಲ. ಅದೇ ಹಳೇ ಅವಕಾಶವನ್ನು ಉಳಿಸಿಕೊಂಡೇ ಫೈರ್‌ಫಾಕ್ಸ್ ಹೊಸ ನಿಯಮಕ್ಕೆ ಬಂದಿದೆ. ಅಂದ ಮೇಲೆ ಇದನ್ನು ತಂತ್ರಜ್ಞಾನದ ಅನಿವಾರ್ಯತೆ ಅಂತ ಹೇಗೆ ಕರೆಯೋದು?

ಈ ಸಂದರ್ಭಗಳಲ್ಲಿ ನಮಗೆ ಬರೋ ಸಂದೇಶದ ವ್ಯಾಕರಣ ನೋಡಿ. 'ಈ ಎಕ್ಸ್‌ಟೆನ್ಷನ್ ಇನ್ನು ಮುಂದೆ ಬೆಂಬಲಿಸಲ್ಪಡುವುದಿಲ್ಲ.' ಯಾರಿಂದ? ಕರ್ತೃವೇ ಇಲ್ಲ. ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಥರ. ನಮ್ಮೂರ ಬಸ್ಸಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನೋರು ಕನಿಷ್ಠ ಎದುರಿಗೆ ನಿಂತಿರ್ತಾರೆ, ನಾವು ಸರಿದು ಕೂತರೆ ನಗ್ತಾರೆ. ಇಲ್ಲಿ ಕೇಳೋರ ಮುಖವೇ ಕಾಣಲ್ಲ.

ಹಾಗಾಗಿ ಎಕ್ಸ್‌ಟೆನ್ಷನ್ ನಿಂತಾಗ ಮೊದಲು ಕೇಳಬೇಕಾದ್ದು 'ಯಾವುದು ಕೆಟ್ಟಿದೆ' ಅಂತಲ್ಲ, 'ಯಾರು ಏನನ್ನು ಬದಲಾಯಿಸಿದರು' ಅಂತ. ಬರೀ ಸಂಖ್ಯೆಯ ತಕರಾರೋ, ಒಳಗಿನ ಸೌಲಭ್ಯವೇ ಹೋಗಿದೆಯೋ, ಸಹಿಯ ಗಲಾಟೆಯೋ, ಅಥವಾ ಕಂಪನಿಯ ನೀತಿಯೋ? ನಾಲ್ಕಕ್ಕೂ ಮದ್ದು ಬೇರೆ. ಎಲ್ಲವೂ ಒಟ್ಟಿಗೆ ನಿಂತಿದ್ದರೆ ಏನನ್ನೂ ಕೀಳಬೇಡಿ, ಒಂದು ದಿನ ಕಾಯಿರಿ. ಒಂದೇ ನಿಂತಿದ್ದರೆ ಅದರ ಪುಟಕ್ಕೆ ಹೋಗಿ ಕೊನೆಯ ಸಲ ಯಾವಾಗ ಪರಿಷ್ಕರಿಸಿದ್ದಾರೆ ನೋಡಿ. ಪುಟಗಳೇ ವಿಚಿತ್ರವಾಗಿ ವರ್ತಿಸ್ತಿದ್ದರೆ ಫೈರ್‌ಫಾಕ್ಸ್‌ನ ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆಯಿರಿ, ಅಲ್ಲಿ ಎಕ್ಸ್‌ಟೆನ್ಷನ್‌ಗಳೆಲ್ಲ ತಾತ್ಕಾಲಿಕವಾಗಿ ಆಫ್. ಆಗ ಸರಿಹೋದರೆ ಒಂದೊಂದಾಗಿ ಅಲ್ಲ, ಅರ್ಧರ್ಧ ಆಫ್ ಮಾಡ್ತಾ ಹೋಗಿ. ತಪ್ಪಿತಸ್ಥ ಒಂದೇ ಆಗಿದ್ದರೆ ಹದಿನಾರರಲ್ಲಿ ನಾಲ್ಕೇ ಸುತ್ತಿಗೆ ಸಿಕ್ಕಿಬೀಳುತ್ತೆ.

ಅದಕ್ಕೂ ಮೊದಲು ಪ್ರೊಫೈಲ್ ಫೋಲ್ಡರಿನ ಒಂದು ನಕಲು ಎತ್ತಿಡಿ. ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೇದು ಸುಲಭಕ್ಕೆ ತೆರೆಯಲ್ಲ, 2019ರ 67ನೇ ಆವೃತ್ತಿಯಿಂದ ಆ ತಡೆ ಇದೆ. ಆಫೀಸಿನ ಕೆಲಸ ಎಕ್ಸ್‌ಟೆನ್ಷನ್ ಮೇಲೇ ನಿಂತಿದ್ದರೆ ಫೈರ್‌ಫಾಕ್ಸ್‌ನ ಇಎಸ್‌ಆರ್ ಆವೃತ್ತಿ ಬಳಸಿ. ಆದರೆ ಅದು ವಾಯಿದೆ ಮಾತ್ರ, ಮಾಫಿ ಅಲ್ಲ. 57 ಬಂದಾಗ 52ನೇ ಇಎಸ್‌ಆರ್‌ಗೆ ಹೋಗಿ ಕೂತವರಿಗೆ ಸಿಕ್ಕಿದ್ದು 2018ರವರೆಗಿನ ಕಾಲಾವಕಾಶ ಅಷ್ಟೆ.

ಒಳ್ಳೇ ಅಪ್‌ಗ್ರೇಡ್ ಅಂತ ನಾನು ಕರೆಯೋದು ಮೂರು ಕೆಲಸ ಮಾಡೋದನ್ನ. ಬಟನ್ ಒತ್ತೋ ಮೊದಲೇ 'ನಿಮ್ಮ ಇಂಥಿಂಥ ಎಕ್ಸ್‌ಟೆನ್ಷನ್ ನಿಲ್ಲುತ್ತೆ' ಅಂತ ಹೆಸರು ಹಿಡಿದು ಹೇಳಬೇಕು. ಅವುಗಳೊಳಗಿನ ನಮ್ಮ ಮಾಹಿತಿಯನ್ನು ಓದೋ ರೂಪದಲ್ಲಿ ಹೊರಗೆ ಕೊಡಬೇಕು. ಇಷ್ಟವಾಗದಿದ್ದರೆ ಹಿಂದಕ್ಕೆ ಬರೋ ದಾರಿ ತೆರೆದಿರಬೇಕು. ನಮ್ಮೂರಿನ ಎಷ್ಟೋ ಜನ ಇಂಥ ತಂತ್ರಾಂಶಗಳನ್ನೇ ಬರೆದು ಸಂಬಳ ತಗೊಳ್ಳೋರು. ಮುಂದಿನ ರಿಲೀಸ್ ಮೀಟಿಂಗಿನಲ್ಲಿ ಈ ಮೂರನ್ನು ಕೇಳೋಕೆ ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಿಕ್ಕವರು ಮಾಡಬಹುದಾದ್ದೂ ಒಂದಿದೆ. ಎಕ್ಸ್‌ಟೆನ್ಷನ್ ಬರೆದವರಿಗೆ 'ವರ್ಕ್ ಆಗ್ತಿಲ್ಲ, ಬೇಗ ಸರಿಮಾಡಿ' ಅಂತ ಒಂದು ಸ್ಟಾರ್ ಕೊಟ್ಟು ಬೈಯೋ ಬದಲು ಬ್ರೌಸರಿನ ಆವೃತ್ತಿ, ಎಕ್ಸ್‌ಟೆನ್ಷನ್‌ನ ಆವೃತ್ತಿ, ಏನು ಒತ್ತಿದಾಗ ಏನಾಯ್ತು ಅನ್ನೋದನ್ನು ನಾಲ್ಕು ಸಾಲಲ್ಲಿ ಬರೆದು ಕಳಿಸಿ. ಬಾಗಿಲು ಹಾಕಿದ್ದು ಅವರಲ್ಲ. ಅವರೂ ನಮ್ಮ ಪಕ್ಕದಲ್ಲೇ, ಹೊರಗೆ ನಿಂತಿದ್ದಾರೆ.