ಬೀಭತ್ಸರಸವೂ ‘ಕ್ಯಾನಿಬಲ್ ಹೋಲೊಕಾಸ್ಟ್’ ಚಲಚ್ಚಿತ್ರವೂ

ಇಟಲಿಯ ರುಜ್ಜೆರೊ ದೆಯೊದಾತೊ ಎಂಬ ನಿರ್ದೇಶಕನು 1980ರಲ್ಲಿ ಹೊರತಂದ ಈ ಚಲಚ್ಚಿತ್ರವನ್ನು ಇಂತಹ ಪತ್ರಿಕೆಯಲ್ಲಿ ಪ್ರಸ್ತಾಪಿಸುವುದು ಕೆಲವರಿಗೆ ಅನುಚಿತವಾಗಿ ತೋರಬಹುದು. ಆದರೆ ನಮ್ಮ ಆಲಂಕಾರಿಕರು ಬೀಭತ್ಸವನ್ನೂ ರಸಗಳಲ್ಲಿ ಗಣಿಸಿರುವರು. ಆ ಗಣನೆಯ ಎಲ್ಲೆಯನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯು ದೊರೆಯುವುದು ಕಷ್ಟ.

ಅಮೆಜಾನ್ ಕಾಡಿನ ನರಭಕ್ಷಕರನ್ನು ಚಿತ್ರಿಸಲು ಹೋದ ನಾಲ್ವರು ಅಮೆರಿಕನ್ನರು ಹಿಂದಿರುಗುವುದಿಲ್ಲ. ಅವರನ್ನರಸಿ ಹೋದ ಮನ್ರೋ ಎಂಬ ಪ್ರಾಧ್ಯಾಪಕನಿಗೆ ಫಿಲ್ಮಿನ ಸುರುಳಿಗಳು ಮಾತ್ರ ಸಿಕ್ಕುತ್ತವೆ. ನ್ಯೂಯಾರ್ಕಿನಲ್ಲಿ ಅವನ್ನು ನೋಡಿದಾಗ, ಗುಡಿಸಲುಗಳಿಗೆ ಬೆಂಕಿಯಿಟ್ಟು, ಹೆಣ್ಣಿನ ಮಾನಭಂಗ ಮಾಡಿ, ಅದನ್ನೆಲ್ಲ ಚಿತ್ರಿಸಿಕೊಂಡವರು ಆ ನಾಲ್ವರೇ ಎಂಬುದು ತಿಳಿಯುತ್ತದೆ. 1962ರ ‘ಮೊಂಡೊ ಕಾನೆ’ಯಿಂದ ಬೆಳೆದುಬಂದ ರೋಚಕ ವಾರ್ತಾಚಿತ್ರಗಳ ಧನದಾಹವನ್ನು ಹಳಿಯುವುದು ಇದರ ಉದ್ದೇಶವಂತೆ. ಆ ಚಿತ್ರಕ್ಕೆ ಸಂಗೀತ ರಚಿಸಿದವರಲ್ಲೊಬ್ಬನಾದ ರಿಜ್ ಒರ್ತೊಲಾನಿಯೇ ಇದಕ್ಕೂ ಸಂಗೀತಕಾರನು. ಕ್ರೌರ್ಯದ ದೃಶ್ಯಗಳ ಮೇಲೆ ಆತನು ಹರಿಸಿರುವ ಇಂಪಾದ ಸ್ವರಗಳು ಮನಸ್ಸನ್ನು ಕಲಕುವಷ್ಟು ಅಲ್ಲಿಯ ರಕ್ತವು ಕಲಕದು.

ಮಿಲಾನಿನಲ್ಲಿ ಪ್ರದರ್ಶಿತವಾದ ಕೆಲವೇ ದಿನಗಳಲ್ಲಿ ಚಿತ್ರವನ್ನು ವಶಪಡಿಸಿಕೊಂಡರು. ನಟರು ಒಂದು ವರ್ಷ ಎಲ್ಲಿಯೂ ಕಾಣಿಸಿಕೊಳ್ಳಕೂಡದೆಂದು ಕರಾರಿದ್ದುದರಿಂದ, ನಿರ್ದೇಶಕನು ಅವರನ್ನು ನಿಜವಾಗಿಯೇ ಕೊಲ್ಲಿಸಿರುವನೆಂಬ ಸಂದೇಹವು ಹುಟ್ಟಿತು. ಆತನು ಅವರನ್ನು ಜೀವಂತವಾಗಿ ತೋರಿಸಬೇಕಾಯಿತು. ಶೂಲಕ್ಕೇರಿದಂತೆ ಕಾಣುವ ಹೆಂಗಸು ಕಂಬಕ್ಕೆ ಜೋಡಿಸಿದ ಸೈಕಲ್ ಸೀಟಿನ ಮೇಲೆ ಕುಳಿತು, ಬಾಯಲ್ಲಿ ಹಗುರವಾದ ಮರದ ತುಂಡನ್ನು ಹಿಡಿದಿದ್ದಳೆಂದು ವಿವರಿಸಬೇಕಾಯಿತು. ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಬಲ್ಲ ವಾಚಕರು ಇಲ್ಲಿ ನಗಬಹುದು: ಚಿತ್ರದ ಕುದುರೆಯನ್ನು ಅಧಿಕಾರಿಗಳು ಲಾಯದ ಕುದುರೆಯೆಂದೇ ಬಗೆದರು!

ಆದರೆ ಅದೇ ಚಿತ್ರದಲ್ಲಿ ನೀರಿನಿಂದ ಎಳೆದು ತಂದ ದೊಡ್ಡ ಆಮೆಯೊಂದನ್ನು ಕಡಿದು ಸೀಳುವುದು ಅಭಿನಯವಲ್ಲ. ಕೋತಿ, ಹಂದಿ, ಹಾವುಗಳೂ ಹಾಗೆಯೇ ಸತ್ತವು. ಜುಗುಪ್ಸೆಯು ರಸವಾಗಬೇಕಾದರೆ ಲೌಕಿಕ ಸಂಬಂಧವನ್ನು ಕಳಚಿಕೊಂಡು ಸಾಧಾರಣೀಕರಣವನ್ನು ಹೊಂದಬೇಕಷ್ಟೆ. ಆ ಆಮೆಯ ಎದುರಿನಲ್ಲಿ ಪ್ರೇಕ್ಷಕನು ಸಹೃದಯನಾಗಿ ಉಳಿಯಲಾರನು. ಕೊಲೆಯನ್ನು ಕಂಡ ಸಾಕ್ಷಿಯಾಗುತ್ತಾನೆ. ಕ್ಯಾಮರಾದ ಸಲುವಾಗಿ ಹಿಂಸೆ ನಡೆಸಿದುದೇ ಕಥೆಯ ನಾಲ್ವರ ಅಪರಾಧವಾದರೆ, ನಿರ್ದೇಶಕನು ತನಗೆ ಯಾವ ವಿನಾಯಿತಿಯನ್ನು ಕೇಳುವನು? ವೆನೆಜುವೆಲ ಮತ್ತು ಬ್ರೆಜಿಲ್ ಗಡಿಯಲ್ಲಿ ವಾಸಿಸುವ ಯಾನೊಮಾಮಿಗಳೆಂಬ ನಿಜವಾದ ಜನಾಂಗದ ಹೆಸರನ್ನು ತನ್ನ ನರಭಕ್ಷಕರಿಗೆ ಅಂಟಿಸಿ, ಕೊಲಂಬಿಯದ ಲೆತೀಸಿಯ ಊರಿನ ಬಳಿ ಚಿತ್ರ ತೆಗೆದುದು ಇನ್ನೂ ಅಕ್ಷಮ್ಯ.

ರಚನಾಕೌಶಲವನ್ನು ಮಾತ್ರ ಅಲ್ಲಗಳೆಯುವಂತಿಲ್ಲ. ನಡುಗುವ ಕ್ಯಾಮರಾ, ಗೀರುಬಿದ್ದ ಫಿಲ್ಮು, ನಡುನಡುವೆ ಕಡಿದುಹೋಗುವ ಧ್ವನಿ, ಇವುಗಳಿಂದ ಹುಟ್ಟುವ ನಂಬಿಕೆಯು ಅಸಾಮಾನ್ಯವಾದುದು. ಸಿಕ್ಕಿದ ಸುರುಳಿಗಳೆಂಬ ಇದೇ ಉಪಾಯವನ್ನು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರವು ಕೈಕೊಂಡು, ತೆರೆಯ ಮೇಲೆ ಒಂದು ಕೊಲೆಯನ್ನೂ ತೋರಿಸದೆ ಭಯಾನಕವನ್ನು ಸಾಧಿಸಿತು.