ಬಾಗಿದ ಮರದ ಪೆಟ್ಟಿಗೆ: ಕಣ್ಣಿಗೆಷ್ಟು, ಕಿವಿಗೆಷ್ಟು?

ಮನೆಯಲ್ಲೇ ಹೈ-ಫೈ ಸ್ಪೀಕರ್ ಕಟ್ಟಿಕೊಳ್ಳುವವರ ಮನಸ್ಸಿನಲ್ಲಿ ಒಂದು ಆಕಾರ ಬೇರೂರಿದೆ. ಮುಂದೆ ಕಿರಿದಾದ ಹಲಗೆ, ಅಲ್ಲಿಂದ ಎರಡೂ ಪಕ್ಕಕ್ಕೆ ಉಬ್ಬಿ, ಬಳುಕುತ್ತ ಹೋಗಿ ಹಿಂದೆ ಕೂಡಿಕೊಳ್ಳುವ ಮರದ ಗೋಡೆಗಳು. ಈ ಆಕಾರಕ್ಕೆ ಮರುಳಾದವರನ್ನು ಕೇಳಿದರೆ ಹೆಚ್ಚಿನವರು ಬೆರಳು ಮಾಡುವುದು ಇಟಲಿಯ ವಿಚೆಂಜಾ ಕಡೆಗೆ. ಸೋನಸ್ ಫಾಬರ್ ಕಂಪನಿಯ ಫ್ರಾಂಕೊ ಸೆರ್ಬ್ಲಿನ್ 1993ರಲ್ಲಿ ಹೊರತಂದ ಸ್ಪೀಕರಿಗೆ ಕ್ರೆಮೋನಾದ ಪಿಟೀಲು ತಯಾರಕ ಮನೆತನವಾದ ಗ್ವಾರ್ನೇರಿಯ ಹೆಸರಿಟ್ಟರು, ಲ್ಯೂಟ್ ವಾದ್ಯದ ಮೈಕಟ್ಟು ಕೊಟ್ಟರು. ಅಲ್ಲಿಯವರೆಗೆ ಒಳ್ಳೆಯ ಸ್ಪೀಕರೆಂದರೆ ಒಳ್ಳೆಯ ಚೌಕ ಪೆಟ್ಟಿಗೆ ಎಂದುಕೊಂಡಿದ್ದ ಎಷ್ಟೋ ಜನರಿಗೆ, ಇದು ಪೆಟ್ಟಿಗೆಯಲ್ಲ, ವಾದ್ಯ ಎನ್ನಿಸಿತು.

ಆ ಅನ್ನಿಸಿಕೆಯಲ್ಲೇ ಮೊದಲ ತಪ್ಪು ಇದೆ. ವಾದ್ಯದ ಒಡಲು ಇರುವುದು ನಾದಕ್ಕೆ ತನ್ನ ಬಣ್ಣ ಸೇರಿಸುವುದಕ್ಕೆ. ಹಲಸಿನ ಮರ ಕೊರೆದು ಮಾಡಿದ ವೀಣೆಯ ಕೊಡ ತಂತಿಯ ಕಂಪನವನ್ನು ಹೀರಿ, ತಾನೂ ಅಲುಗಿ, ಹೊರಗೆ ಬಿಡುತ್ತದೆ. ಆ ಕೊಡದ ಗುಣವೇ ವೀಣೆಯ ಗುಣ. ಸ್ಪೀಕರಿನ ಪೆಟ್ಟಿಗೆ ಮಾಡಬೇಕಾದ ಕೆಲಸ ಇದಕ್ಕೆ ತದ್ವಿರುದ್ಧ. ವೈಣಿಕ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಒಡಲಿನ ನಾದವೆಲ್ಲ ಧ್ವನಿಮುದ್ರಣದಲ್ಲಿ ಆಗಲೇ ಬಂದಿದೆ. ಅದರ ಮೇಲೆ ನಮ್ಮ ಪೆಟ್ಟಿಗೆಯೂ ತನ್ನದೊಂದು ಗುಂಗು ಸೇರಿಸಿದರೆ ಒಂದೇ ವೀಣೆಗೆ ಎರಡು ಕೊಡ ಕಟ್ಟಿದಂತಾಗುತ್ತದೆ. ಹೀಗಾಗಿ ಬಾಗಿದ ಪೆಟ್ಟಿಗೆ ಎಷ್ಟು ಚೆನ್ನಾಗಿ ನುಡಿಯುತ್ತದೆ ಎಂದು ಕೇಳಿ ಪ್ರಯೋಜನವಿಲ್ಲ. ಎಷ್ಟು ಚೆನ್ನಾಗಿ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಕೇಳಬೇಕು.

ಹಾಗೆ ಕೇಳಿದರೆ ಬಾಗಿಗೆ ಸಲ್ಲಬೇಕಾದ ಹೊಗಳಿಕೆ ನಿಜವಾಗಿಯೂ ಇದೆ. ಆದರೆ ಕಟ್ಟುವವರು ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ.

ಅವರು ಹೇಳುವ ಕಾರಣ ಇದು: ಎದುರುಬದುರು ಗೋಡೆಗಳು ಸಮಾಂತರವಾಗಿದ್ದರೆ ಒಳಗೆ ಸದ್ದು ಆಚೆಗೂ ಈಚೆಗೂ ಪುಟಿದು ನಿಂತಲೆ (ನಿಂತಲ್ಲೇ ನಿಲ್ಲುವ ಅಲೆ) ಹುಟ್ಟುತ್ತದೆ, ಗೋಡೆ ಬಾಗಿಸಿದರೆ ಅದು ಹೋಗುತ್ತದೆ. ಕೇಳಲು ಸರಿಯೆನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಒಳಗಿನ ಅಗಲ 20 ಸೆಂಟಿಮೀಟರ್ ಇದ್ದರೆ ಆ ಎರಡು ಗೋಡೆಗಳ ನಡುವಿನ ಮೊದಲ ನಿಂತಲೆ ಸುಮಾರು 857 ಹರ್ಟ್ಸ್‌ನಲ್ಲಿ ಬೀಳುತ್ತದೆ. ಇದು ಪಳಗಿಸಲು ಸುಲಭವಾದದ್ದು. ಒಳಗೆ ತಕ್ಕಷ್ಟು ಉಣ್ಣೆಯನ್ನೋ ಪಾಲಿಯೆಸ್ಟರ್ ಹತ್ತಿಯನ್ನೋ ತುಂಬಿದರೆ ಬಹುಪಾಲು ಅಡಗುತ್ತದೆ. ನಿಜವಾಗಿ ಕಾಡುವುದು ಎತ್ತರದ ದಿಕ್ಕಿನದು. ನೆಲದ ಮೇಲೆ ನಿಲ್ಲುವ ಸ್ಪೀಕರಿನ ಒಳಗಿನ ಎತ್ತರ 1 ಮೀಟರ್ ಎಂದಿಟ್ಟುಕೊಂಡರೆ ಅದರ ಮೊದಲ ನಿಂತಲೆ 171 ಹರ್ಟ್ಸ್ ಹತ್ತಿರ, ಗಂಡುದನಿಯ ಮೂಲಸ್ವರಗಳು ಓಡಾಡುವ ಜಾಗದಲ್ಲೇ ಇದೆ. ಲ್ಯೂಟ್ ಆಕಾರದ ಪೆಟ್ಟಿಗೆಯಲ್ಲಿ ಬಾಗುವುದು ಪಕ್ಕದ ಗೋಡೆಗಳು ಮಾತ್ರ. ತಲೆಹಲಗೆ ಮತ್ತು ತಳ ಎಂದಿನಂತೆ ಚಪ್ಪಟೆ, ಎಂದಿನಂತೆ ಸಮಾಂತರ. ತಿಂಗಳುಗಟ್ಟಲೆ ಬೆವರು ಸುರಿಸಿ ಬಾಗಿಸಿದ ಗೋಡೆಗಳು ಈ 171 ಹರ್ಟ್ಸಿನ ಕೂದಲನ್ನೂ ಕೊಂಕಿಸುವುದಿಲ್ಲ. ಅದಕ್ಕೆ ಮದ್ದು ಬೇರೆ: ಹತ್ತಿಯನ್ನು ಗೋಡೆಗೆ ಅಂಟಿಸದೆ ಗಾಳಿ ಅತಿ ಹೆಚ್ಚು ಓಡಾಡುವ ನಡು ಎತ್ತರದಲ್ಲಿ ತುಂಬುವುದು, ವೂಫರನ್ನು ತುತ್ತತುದಿಗೆ ತಳ್ಳದಿರುವುದು, ಅಥವಾ ಒಳಗೆ ಓರೆಯಾದ ತಡೆಹಲಗೆ ಕೂರಿಸುವುದು. ಇನ್ನೊಂದು ಮಾತು: ಬಾಗಿದ ಗೋಡೆ ನಿಂತಲೆಯನ್ನು ಅಳಿಸುವುದಿಲ್ಲ, ಅದರ ಜಾಗ ಬದಲಿಸುತ್ತದೆ, ಸ್ವಲ್ಪ ಹರಡುತ್ತದೆ ಅಷ್ಟೆ. ಬಾಗು ತೀರ ಸಮವಾಗಿ ಉರುಳೆಯ ಹಾಗಾದರೆ ಒಳಗಿನ ಸದ್ದು ನಡುವಿಗೇ ಬಂದು ಸೇರಿಕೊಂಡು ಇನ್ನಷ್ಟು ತೊಂದರೆ ಕೊಡುವುದೂ ಉಂಟು.

ಹಾಗಾದರೆ ಬಾಗು ಗೆಲ್ಲುವುದು ಎಲ್ಲಿ? ಗಟ್ಟಿತನದಲ್ಲಿ. ಚಪ್ಪಟೆ ಹಲಗೆಯನ್ನು ಗಟ್ಟಿ ಮಾಡಲು ದಪ್ಪ ಹೆಚ್ಚಿಸಬೇಕು. 18 ಮಿಲಿಮೀಟರಿನ ಹಲಗೆಯನ್ನು 25ಕ್ಕೆ ಏರಿಸಿದರೆ ಬಾಗುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು 2.7 ಪಟ್ಟಾಗುತ್ತದೆ, ತೂಕವೂ ಏರುತ್ತದೆ. ಅದೇ ಹಲಗೆಗೆ ಒಂದು ಕಮಾನು ಕೊಟ್ಟರೆ ದಪ್ಪ ಹೆಚ್ಚದೆಯೇ ಬಿಗಿ ಬರುತ್ತದೆ, ಏಕೆಂದರೆ ಒಳಗಿನ ಒತ್ತಡಕ್ಕೆ ಅದು ಬಾಗಿ ಮಣಿಯುವ ಬದಲು ತನ್ನ ಮೈಯುದ್ದಕ್ಕೂ ಎಳೆತವಾಗಿ ಹಂಚಿಕೊಳ್ಳುತ್ತದೆ. ಗೋಡೆ ಅಲುಗುವ ಸ್ವರಗಳು ಮೇಲಕ್ಕೆ ಸರಿಯುತ್ತವೆ. ಅಲ್ಲಿ ಅವನ್ನು ಕೆರಳಿಸುವ ಶಕ್ತಿಯೂ ಕಡಿಮೆ, ಅಡಗಿಸುವ ಉಪಾಯಗಳೂ ಹೆಚ್ಚು. ಮನೆಯ ಬಡಗಿಯ ಶ್ರಮಕ್ಕೆ ಸಿಗುವ ನಿಜವಾದ ಕೂಲಿ ಇದೇ ಎಂದು ನಾನು ನಂಬುತ್ತೇನೆ.

ಆದರೆ ಈ ಕೂಲಿ ಬಾಗು ಮಾಡಿದ ರೀತಿಗೆ ತಕ್ಕಂತೆ ಏರಿಳಿಯುತ್ತದೆ. ಎಂಡಿಎಫ್ ಹಲಗೆಯ ಹಿಂಬದಿಗೆ ಗರಗಸದಿಂದ ಸಾಲುಸಾಲಾಗಿ ಗಾಡಿ (ಸೀಳುಗೆರೆ) ಹೊಡೆದು, ಎರಡು ಮೂರು ಮಿಲಿಮೀಟರ್ ಚರ್ಮ ಮಾತ್ರ ಉಳಿಸಿ ಬಗ್ಗಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಬಡವಾದ ದಾರಿಯೂ ಹೌದು. ಗಾಡಿಗಳನ್ನು ಅಂಟಿನಿಂದ ಪೂರ್ತಿ ತುಂಬಿ ಒಳಮೈಗೆ ಇನ್ನೊಂದು ಪದರ ಹೊದಿಸದಿದ್ದರೆ ಸಿಗುವುದು ಬಾಗಿದ ಆದರೆ ಬಡಕಲು ಗೋಡೆ. ಹೊರಗಿನಿಂದ ನೋಡಿದರೆ ಗಾಡಿಗಾಡಿಗೂ ಒಂದೊಂದು ಮಡಿಕೆ ಕಾಣುತ್ತದೆ, ವಿನೀರ್ ಹಾಕಿದರೂ ಬೆಳಕಿಗೆ ಹಿಡಿದಾಗ ಬಿಟ್ಟುಕೊಡುತ್ತದೆ. ಇನ್ನು ಕೆಲವರು ಪೆಟ್ಟಿಗೆಯನ್ನು ಅಡ್ಡಲಾಗಿ ಬಿಲ್ಲೆಗಳನ್ನಾಗಿ ಕತ್ತರಿಸಿ ಒಂದರ ಮೇಲೊಂದು ಅಂಟಿಸುತ್ತಾರೆ. 1 ಮೀಟರ್ ಎತ್ತರಕ್ಕೆ 18 ಮಿಲಿಮೀಟರಿನ ಬಿಲ್ಲೆ ಐವತ್ತಕ್ಕೂ ಹೆಚ್ಚು ಬೇಕು, ಪ್ರತಿ ಬಿಲ್ಲೆಯ ನಡುವಿನ ಮರ ಪೂರ್ತಿ ವ್ಯರ್ಥ. ಆದರೆ ಎಂಥ ಬಾಗನ್ನಾದರೂ ಕೊಡಬಹುದು, ಗೋಡೆ ಬಂಡೆಯಷ್ಟು ಗಟ್ಟಿ. ಸಿಎನ್‌ಸಿ ಯಂತ್ರದಲ್ಲಿ ಕೊಯ್ದುಕೊಡುವವರು ಊರಲ್ಲೇ ಇದ್ದರೆ ಇದು ಬೇಗ ಮುಗಿಯುವ ಕೆಲಸವೂ ಹೌದು.

ನನ್ನ ಮತ ಮೂರನೆಯ ದಾರಿಗೆ: ತೆಳು ಪ್ಲೈವುಡ್ ಪದರಗಳನ್ನು ಅಚ್ಚಿನ ಮೇಲೆ ಅಂಟಿಸಿ ಬಗ್ಗಿಸುವುದು. 4 ಮಿಲಿಮೀಟರಿನ ಐದು ಪದರ ಸೇರಿದರೆ 20 ಮಿಲಿಮೀಟರಿನ ಗೋಡೆ. ಪದರ ಹೆಚ್ಚಿದಷ್ಟೂ ಅಚ್ಚಿನಿಂದ ತೆಗೆದಾಗ ಹಿಂದಕ್ಕೆ ಬಿಚ್ಚಿಕೊಳ್ಳುವುದು ಕಡಿಮೆ. ಇಲ್ಲಿ ಅಂಟಿನ ಆಯ್ಕೆ ಬಹಳ ಮುಖ್ಯ. ನಮ್ಮ ಬಡಗಿಗಳ ಕೈಯಲ್ಲಿ ಸದಾ ಇರುವ ಬಿಳಿ ಅಂಟು ಒಣಗಿದ ಮೇಲೂ ಸ್ವಲ್ಪ ಮೆತ್ತಗೇ ಇರುತ್ತದೆ. ಬಗ್ಗಿಸಿದ ಮರ ಎಡೆಬಿಡದೆ ಎಳೆಯುತ್ತಿದ್ದರೆ ಪದರಗಳು ನಿಧಾನಕ್ಕೆ ಜಾರುತ್ತವೆ. ಎಪಾಕ್ಸಿಯಾಗಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಾಗಲಿ ಹೀಗೆ ಮಾಡುವುದಿಲ್ಲ. ಪ್ಲೈವುಡ್ ಕೊಳ್ಳುವಾಗಲೂ ಹುಷಾರಾಗಿರಬೇಕು. ಅಗ್ಗದ ಹಲಗೆಗಳ ಒಳಪದರಗಳಲ್ಲಿ ಸಂದುಗಳಿರುತ್ತವೆ. ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ, ಮುರಿಯದೆ ಉಳಿದದ್ದು ಯಾವುದೋ ಒಂದು ಸ್ವರಕ್ಕೆ ಗಿರ್ರೆನ್ನುತ್ತದೆ. ಗಟ್ಟಿಮರದ ಪಟ್ಟಿಗಳನ್ನು ಪೀಪಾಯಿಯಂತೆ ಜೋಡಿಸುವ ಆಸೆಯೂ ಕೆಲವರಿಗಿದೆ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಮರದ ಸ್ವಭಾವ ಬಲ್ಲವರು, ಅದರಲ್ಲೂ ಮಲೆನಾಡು, ಕರಾವಳಿಯವರು, ಆ ಸಾಹಸಕ್ಕೆ ಮುಂಚೆ ಎರಡು ಸಲ ಯೋಚಿಸಬೇಕು.

ಬಾಗಿನ ಬಗ್ಗೆ ಇಷ್ಟು ಹೇಳಿದ ಮೇಲೂ ಒಂದು ಸತ್ಯವನ್ನು ಮುಚ್ಚಿಡಲಾಗದು. ಗೋಡೆಯನ್ನು ಅಡಗಿಸಲು ಅದೊಂದೇ ದಾರಿಯಲ್ಲ. ಇಂಗ್ಲೆಂಡಿನ ಬಿಬಿಸಿ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರನ್ನು ನೋಡಿ: 12 ಮಿಲಿಮೀಟರಿನ ಬರ್ಚ್ ಪ್ಲೈವುಡ್, ಅಪ್ಪಟ ಚೌಕ ಪೆಟ್ಟಿಗೆ. ಅವರು ಗೋಡೆಯನ್ನು ಬಿಗಿ ಮಾಡಲು ಹೋಗಲೇ ಇಲ್ಲ. ತೆಳುವಾಗಿಯೇ ಬಿಟ್ಟು ಒಳಗೆ ಡಾಂಬರಿನಂಥ ಭಾರದ ಹಾಸು ಅಂಟಿಸಿ, ಅಲುಗಾಟವನ್ನು ಕಿವಿ ಅಷ್ಟಾಗಿ ಗಮನಿಸದ ಕೆಳಸ್ವರಕ್ಕೆ ಇಳಿಸಿ, ಅಲ್ಲೇ ಸಾಯಿಸಿದರು. ಮನುಷ್ಯದನಿಯನ್ನು ಸಹಜವಾಗಿ ನುಡಿಸುವುದರಲ್ಲಿ ಇಂದಿಗೂ ಅದರ ಹೆಸರು ಮೊದಲು ಬರುತ್ತದೆ. ಇತ್ತ ಬಿ ಅಂಡ್ ಡಬ್ಲ್ಯೂ ಕಂಪನಿ 1998ರ ನಾಟಿಲಸ್ 800 ಸರಣಿಯಲ್ಲಿ ಪದರಮರವನ್ನು ಒತ್ತಿ ಬಗ್ಗಿಸಿದ ಪೆಟ್ಟಿಗೆ ತಂದಾಗಲೂ, ಹಿಂದಿನ ದಶಕದಿಂದ ಬಳಸುತ್ತಿದ್ದ ಜೇನುಗೂಡಿನಂಥ ಒಳಗಟ್ಟನ್ನು ಕೈಬಿಡಲಿಲ್ಲ. ಬಾಗೊಂದೇ ಸಾಕೆಂದು ಬಾಗಿನ ದೊಡ್ಡ ವ್ಯಾಪಾರಿಯೇ ನಂಬಲಿಲ್ಲ. ಮನೆಯಲ್ಲಿ ಕಟ್ಟಿದ ಎಷ್ಟೋ ಬಾಗಿದ ಪೆಟ್ಟಿಗೆಗಳ ಒಳಗೆ ಒಂದೂ ಅಡ್ಡಪಟ್ಟಿ ಇಲ್ಲದಿರುವುದು ನನಗೆ ಬೇಸರ ತರಿಸುತ್ತದೆ.

ಬಾಗಿಗೆ ಸಲ್ಲುವ ಇನ್ನೊಂದು ಹೊಗಳಿಕೆ ಹೊರಮೈಯದ್ದು. ಆರ್‌ಸಿಎ ಪ್ರಯೋಗಾಲಯದ ಹ್ಯಾರಿ ಓಲ್ಸನ್ ಒಂದೇ ಡ್ರೈವರನ್ನು ಹಲವು ಆಕಾರದ ಪೆಟ್ಟಿಗೆಗಳಲ್ಲಿ ಕೂರಿಸಿ ಅಳೆದು 1951ರಲ್ಲಿ ಪ್ರಕಟಿಸಿದ ರೇಖೆಗಳನ್ನು ಇವತ್ತಿಗೂ ಸ್ಪೀಕರ್ ಕಟ್ಟುವವರು ತೆರೆದು ನೋಡುತ್ತಾರೆ. ಗೋಳದ ರೇಖೆ ನುಣುಪು, ಘನದ ರೇಖೆ ಏರಿಳಿತಗಳ ಸಾಲು. ಸದ್ದು ಚೂಪಾದ ಅಂಚಿಗೆ ಬಂದಾಗ ಅಲ್ಲಿಂದ ಮತ್ತೆ ಚಿಮ್ಮಿ ಮೂಲಸದ್ದಿನೊಡನೆ ಬೆರೆಯುವುದೇ ಇದಕ್ಕೆ ಕಾರಣ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಹಲಗೆಯ ಅಂಚು. ಬೆನ್ನು ಎಷ್ಟು ಸೊಗಸಾಗಿ ಬಳುಕಿದರೂ ಮುಂದಿನ ಅಂಚು ಕತ್ತಿಯಲಗಿನಂತಿದ್ದರೆ ಓಲ್ಸನ್ನರ ಗೋಳದ ಲಾಭ ಸಿಗದು. 2000 ಹರ್ಟ್ಸಿನ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಬೆರಳಗಲದ ದುಂಡು ಗೊತ್ತಾಗುವುದೂ ಇಲ್ಲ. ದೊಡ್ಡ ದುಂಡು ಬೇಕು, ಇಲ್ಲವೇ ಬಿಬಿಸಿಯವರಂತೆ ಟ್ವೀಟರಿನ ಸುತ್ತ ಉಣ್ಣೆಯ ಪಟ್ಟಿ ಅಂಟಿಸಬೇಕು. ಬಾಗಿಸಲು ಇಟ್ಟ ಶ್ರಮದ ಅರ್ಧವನ್ನು ಬೆನ್ನಿನಿಂದ ಮುಖಕ್ಕೆ ತಂದರೆ ಕಿವಿಗೆ ಹೆಚ್ಚು ದಕ್ಕುತ್ತದೆ.

ಮುಖ ಕಿರಿದಾದಷ್ಟೂ ಇನ್ನೊಂದು ಬೆಲೆ ತೆರಬೇಕಾಗುತ್ತದೆ. 20 ಸೆಂಟಿಮೀಟರ್ ಅಗಲದ ಹಲಗೆ ಸುಮಾರು 575 ಹರ್ಟ್ಸಿನಿಂದ ಕೆಳಗೆ ಸದ್ದನ್ನು ಮುಂದಕ್ಕೆ ಹಿಡಿದಿಡಲಾರದೆ ಹಿಂದಕ್ಕೂ ಬಿಟ್ಟುಕೊಡುತ್ತದೆ; ತೆರೆದ ಜಾಗದಲ್ಲಿ ಈ ನಷ್ಟ 6 ಡೆಸಿಬೆಲ್‌ವರೆಗೂ ಹೋಗುತ್ತದೆ. ಇದನ್ನು ಸರಿತೂಗಿಸುವುದು ಸದ್ದನ್ನು ವೂಫರ್, ಟ್ವೀಟರುಗಳಿಗೆ ಹಂಚುವ ಕ್ರಾಸ್‌ಓವರ್. ಮನೆಯ ಕಟ್ಟೋಣದಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಅದೇ. ಯಾವುದೋ ಸಿದ್ಧ ಕ್ರಾಸ್‌ಓವರ್ ತಂದು ಬಾಗಿದ ಪೆಟ್ಟಿಗೆಯೊಳಗೆ ಹಾಕಿದರೆ ಆ ಬಾಗಿಗೆ ಅರ್ಥವೇ ಇಲ್ಲ, ಏಕೆಂದರೆ ಗೋಡೆಯ ಅಲುಗಾಟಕ್ಕಿಂತ ಎಷ್ಟೋ ಪಟ್ಟು ದೊಡ್ಡ ತಪ್ಪುಗಳು ವೂಫರ್ ಮತ್ತು ಟ್ವೀಟರ್ ಕೈಬದಲಿಸುವ ಜಾಗದಲ್ಲಿ ಕೂತಿರುತ್ತವೆ. ಈ ವಿಚಾರದಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಅವರ ದಾರಿ ನೋಡುವಂಥದ್ದು. ರಸ್ ರೈಲಿ ಜೊತೆ ರೂಪಿಸಿ 1976ರಲ್ಲಿ ಪ್ರಕಟಿಸಿದ ಅವರ ಕ್ರಾಸ್‌ಓವರ್ ಲೋಕವೆಲ್ಲ ಬಳಸುವಂಥದ್ದಾಯಿತು. ಮುಂದೆ ಮನೆಯಲ್ಲಿ ಕಟ್ಟುವವರಿಗಾಗಿ ಅವರು ನಕ್ಷೆಗಳನ್ನು ಕೊಟ್ಟಾಗ ಬಾಗಿದ ಪೆಟ್ಟಿಗೆಯ ಕಡೆ ಹೋಗಲಿಲ್ಲ; ಪೆಟ್ಟಿಗೆಯನ್ನೇ ಬಹುಮಟ್ಟಿಗೆ ತೆಗೆದುಹಾಕಿದರು. ಅವರ ಎಲ್‌ಎಕ್ಸ್‌ಮಿನಿಯ ಮೈ ನಲ್ಲಿ ಕೆಲಸಕ್ಕೆ ಬಳಸುವ ಪಿವಿಸಿ ಕೊಳವೆ.

ಹಾಗಿದ್ದರೂ ಬಾಗಿದ ಪೆಟ್ಟಿಗೆ ಕೇಳಿದವರು ಸದ್ದು ಮರದಷ್ಟೇ ಬೆಚ್ಚಗಿದೆ ಎನ್ನುತ್ತಾರೆ. ಆ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ, ಹಾಗೆಂದು ಸಾಕ್ಷ್ಯವಾಗಿಯೂ ತೆಗೆದುಕೊಳ್ಳಲಾರೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಮಂಡಿಸಿದ ಪ್ರಯೋಗದಲ್ಲಿ ಅದೇ ಕೇಳುಗರು ಅದೇ ಸ್ಪೀಕರುಗಳಿಗೆ, ಪರದೆಯ ಹಿಂದೆ ಇಟ್ಟಾಗ ಒಂದು ಅಂಕ, ಕಣ್ಣೆದುರು ಇಟ್ಟಾಗ ಇನ್ನೊಂದು ಅಂಕ ಕೊಟ್ಟರು. ನುರಿತ ಕಿವಿಯವರೂ ಇದಕ್ಕೆ ಹೊರತಾಗಲಿಲ್ಲ. ತಾನೇ ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ನುಣುಪು ಮಾಡಿದ ಮರ ಎದುರಿಗಿದ್ದಾಗ ಯಾರ ಕಿವಿ ತಾನೇ ನಿಷ್ಪಕ್ಷವಾಗಿರುತ್ತದೆ? ಆ ಸಂತೋಷ ನಿಜವಾದದ್ದೇ. ಮನೆಯ ನಡುಮನೆಯಲ್ಲಿ ವರ್ಷಾನುಗಟ್ಟಲೆ ನಿಲ್ಲುವ ವಸ್ತು ಚೆಂದವಾಗಿರಬೇಕೆಂಬ ಆಸೆಗೆ ಬೇರೆ ಸಮರ್ಥನೆ ಬೇಕಿಲ್ಲ. ಅದನ್ನು ಧ್ವನಿಶಾಸ್ತ್ರದ ಲೆಕ್ಕಕ್ಕೆ ಬರೆಯುವುದಷ್ಟೇ ತಪ್ಪು.

ಕೆಲಸದ ಕ್ರಮವೊಂದನ್ನು ಬದಲಿಸಿದರೆ ಈ ಹವ್ಯಾಸದ ಮಟ್ಟವೇ ಏರುತ್ತದೆಂದು ನನಗನ್ನಿಸುತ್ತದೆ. ಬಾಗಿನ ಅಚ್ಚು ಮಾಡುವುದಕ್ಕೆ ಮೊದಲು ಅದೇ ಒಳಗಾತ್ರದ, ಅದೇ ಅಗಲದ ಮುಖವಿರುವ ಒಂದು ಒರಟು ಚೌಕ ಪೆಟ್ಟಿಗೆಯನ್ನು ಅಗ್ಗದ ಎಂಡಿಎಫ್‌ನಲ್ಲಿ ಕಟ್ಟಬೇಕು. ಅಳತೆಯ ಮೈಕ್ ಇಟ್ಟು, ಆರ್‌ಇಡಬ್ಲ್ಯೂನಂಥ ಉಚಿತ ತಂತ್ರಾಂಶದಲ್ಲಿ ಅಳೆದು, ಕ್ರಾಸ್‌ಓವರನ್ನು ಅದರ ಮೇಲೆ ತಿದ್ದಬೇಕು. ಆಮೇಲೆ ಬಾಗಿದ ಪೆಟ್ಟಿಗೆ ಕಟ್ಟಿ, ಅದೇ ಮಾದರಿಯ ಡ್ರೈವರುಗಳನ್ನು ಅದಕ್ಕೂ ಕೂರಿಸಿ, ಎರಡರ ಗೋಡೆಗೂ ಕಂಪನ ಅಳೆಯುವ ಸಣ್ಣ ಸಂವೇದಕ ಅಂಟಿಸಿ ನೋಡಬೇಕು. ಜೋಡಿಯಲ್ಲಿ ಒಂದು ಚೌಕ, ಇನ್ನೊಂದು ಬಾಗಿದ್ದು ಎಂದಿಟ್ಟು, ತೆಳುಬಟ್ಟೆಯ ಮರೆಯಲ್ಲಿ ಮನೆಯವರಿಗೇ ಬರೀ ತಂಬೂರಿಯ ಶ್ರುತಿ ಕೇಳಿಸಬಹುದು. ಬಿಡದೆ ಹರಿಯುವ ಆ ನಾದದಲ್ಲಿ ಯಾವುದೋ ಒಂದು ಸ್ವರ ಪೆಟ್ಟಿಗೆಗೆ ಸಿಕ್ಕಿ ಉಬ್ಬಿದರೆ, ತಾಂತ್ರಿಕ ತರಬೇತಿ ಇಲ್ಲದವರಿಗೂ ತಿಳಿಯುತ್ತದೆ.