ಚಿತ್ತಾರಕ್ಕೆ ತಕ್ಕ ಕಟ್ಟು

ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯವರು ರೆಡಿಮೇಡ್ ಫ್ರೇಮ್ ಮಾರಬಾರದು ಎನ್ನುವ ಹಳೆಯ ಕಸುಬುದಾರರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟುಡಿಯೋದವರು 8×12 ಇಂಚಿನ ಫೋಟೋ ಕೊಟ್ಟಿದ್ದಾರೆ, ಅದೇ ಅಳತೆಯ ಫ್ರೇಮು ಅಂಗಡಿಯಲ್ಲಿದೆ ಎಂದಾದರೆ ಪಟ್ಟಿ ಕೊಯ್ಯಿಸಿ ನಾಲ್ಕು ದಿನ ಕಾಯುವುದೇಕೆ? 1894ರಲ್ಲಿ ಮುಂಬೈಯಲ್ಲಿ ಶುರುವಾದ ರಾಜಾ ರವಿವರ್ಮನ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರು ಅಚ್ಚಿನ ಹಾಳೆಗಳಾಗಿ ಮನೆಮನೆಗೆ ಬಂದ ಮೇಲೆ ಸಿದ್ಧ ಕಟ್ಟು ಬರುವುದು ಸಹಜವೇ ಆಗಿತ್ತು. ನನ್ನ ತಕರಾರು ಬೇರೆ. ಚಿತ್ರಕ್ಕೆ ಫ್ರೇಮು ಹೊಂದಬೇಕಾದ ಕಡೆ ಫ್ರೇಮಿಗೆ ಚಿತ್ರವನ್ನು ಹೊಂದಿಸುತ್ತಿದ್ದೇವೆ.

ಸನ್ಮಾನ ಪತ್ರವನ್ನೇ ನೋಡಿ. ಅದು ಅಚ್ಚಾಗುವುದು ಎ4 ಹಾಳೆಯಲ್ಲಿ, ಅಂದರೆ 210×297 ಮಿ.ಮೀ. 8×12ರ ಫ್ರೇಮು ಸುಮಾರು 203×305 ಮಿ.ಮೀ. ಅಗಲದಲ್ಲಿ 7 ಮಿ.ಮೀ. ಕತ್ತರಿಸಬೇಕು, ಉದ್ದದಲ್ಲಿ 8 ಮಿ.ಮೀ. ಖಾಲಿ ಉಳಿಯುತ್ತದೆ. 12×18ರ ಮದುವೆ ಗುಂಪುಚಿತ್ರವನ್ನು 12×15ಕ್ಕೆ ತುರುಕಿದರೆ ತುದಿಯಲ್ಲಿ ನಿಂತವರು ಚಿತ್ರದಿಂದಲೇ ಹೊರಗೆ.

ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಮಳೆಯದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಸೀಮೆಯಲ್ಲಿ ಅಗ್ಗದ ರೆಡಿಮೇಡ್ ಫ್ರೇಮು ಸೋಲುವುದು ಹಿಂಬದಿಯಿಂದ. ತೆಳು ರಟ್ಟು ತೇವ ಹೀರುತ್ತದೆ, ಎಂಡಿಎಫ್ ಉಬ್ಬುತ್ತದೆ. ಗಾಜಿಗೆ ತಾಗಿಕೊಂಡೇ ಇರುವ ಫೋಟೋ ಅದಕ್ಕೆ ಅಂಟಿ, ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ಹಾಗೆಂದು ಮರದ್ದೆಲ್ಲ ಒಳ್ಳೆಯದು, ಪ್ಲಾಸ್ಟಿಕ್ಕಿನದೆಲ್ಲ ಕೆಟ್ಟದ್ದು ಎನ್ನಲಾರೆ. ಹಸಿ ಮರದ ಪಟ್ಟಿ ಬೇಸಿಗೆಯಲ್ಲಿ ಒಣಗಿ ಮೂಲೆ ಬಿಡುತ್ತದೆ, ಗೆದ್ದಲಿಗೂ ಅದೇ ಇಷ್ಟ. ಫೈಬರ್ ಪಟ್ಟಿ ಎಂದು ಕರೆಸಿಕೊಳ್ಳುವ ಪ್ಲಾಸ್ಟಿಕ್ಕಿನದು ತೇವಕ್ಕೂ ಹುಳಕ್ಕೂ ಜಗ್ಗುವುದಿಲ್ಲ. ಹಳೆಯ ಮನೆಗಳ ಜಗಲಿಯಲ್ಲಿ ಕಟ್ಟನ್ನು ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದುದರಿಂದ ಹಿಂದೆ ಗಾಳಿಯಾಡುತ್ತಿತ್ತು. ಈಗಿನ ಫ್ರೇಮು ಗೋಡೆಗೆ ಅಂಟಿ ಕೂರುತ್ತದೆ, ಬೂಷ್ಟು ಅಲ್ಲೇ ಹುಟ್ಟುತ್ತದೆ.

ರೆಡಿಮೇಡ್ ಅಳತೆ ನನ್ನನ್ನು ನಿಜಕ್ಕೂ ನೋಯಿಸುವುದು ಹಸೆ ಚಿತ್ತಾರದ ವಿಷಯದಲ್ಲಿ. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಬರೆಯುತ್ತಿದ್ದ ಈ ಕಲೆ ಈಗ ಕಾಗದ, ಬಟ್ಟೆಗೆ ಇಳಿದಿದೆ. ಸಾಗರ ತಾಲ್ಲೂಕಿನ ಸಿರಿವಂತೆಯಲ್ಲಿ ಬರೆದದ್ದು ದೂರದ ಊರುಗಳ ಗೋಡೆ ಸೇರುತ್ತಿದೆ. ಅದು ಸಂತೋಷದ ಸಂಗತಿ. ಆದರೆ ಚಿತ್ತಾರಕ್ಕೆ ತನ್ನದೇ ಅಂಚುಂಟು. ಸುತ್ತಲೂ ಎಳೆ ಎಳೆಯಾಗಿ ಬರುವ ಆ ಗೆರೆಗಳು ಅಲಂಕಾರದ ಹೆಚ್ಚುವರಿ ಅಲ್ಲ. ಒಳಗೆ ಬರೆದ ಮದುವಣಿಗರನ್ನು ಹಿಡಿದು ಕೂರಿಸುವುದೇ ಅವು. ಸಿದ್ಧ ಫ್ರೇಮಿಗೆ ಕೂರಿಸಲು ಆ ಎಳೆಗಳನ್ನು ಪಟ್ಟಿಯ ಅಡಿಗೆ ಮಡಚಿದರೆ ಚಿತ್ತಾರವೇ ಅರ್ಧವಾದಂತೆ. ಅದರ ಮೇಲೆ ಚಿನ್ನದ ಬಣ್ಣದ ಹೂಬಳ್ಳಿಯ ಪಟ್ಟಿ ಬಂದರಂತೂ ಕೆಮ್ಮಣ್ಣಿನ ಗಾಂಭೀರ್ಯ ಪೂರ್ತಿ ಮುಳುಗಿಹೋಗುತ್ತದೆ. ಬರೆಯುವವರೇ ಫ್ರೇಮಿನ ಅಳತೆ ಕೇಳಿಕೊಂಡು ಬರೆಯತೊಡಗಿದರೆ ಇನ್ನೂ ದೊಡ್ಡ ನಷ್ಟ. ಚಿತ್ತಾರಕ್ಕೆ ಬೇಕಾದದ್ದು ತೆಳುವಾದ, ಬಣ್ಣವಿಲ್ಲದ ಮರದ ಪಟ್ಟಿ. ಸುತ್ತ ಎರಡು ಬೆರಳು ಜಾಗ. ಇಷ್ಟೇ.

ಅಂಗಡಿಯವರಿಗೆ ದಾರಿ ಇದೆ. ಪಟ್ಟಿ ಕೊಯ್ದು ಉಳಿದ ತುಂಡುಗಳಿಂದ, ಗಿರಾಕಿ ಕಡಿಮೆಯಿರುವ ಮಳೆಗಾಲದಲ್ಲಿ, ತಾವೇ ಸಣ್ಣ ಅಳತೆಯ ಫ್ರೇಮು ಮಾಡಿಡಬಹುದು. ನನ್ನ ಮಟ್ಟಿಗೆ ಅತ್ಯುತ್ತಮ ರೆಡಿಮೇಡ್ ಅದೇ. ಹೊರಗಿನಿಂದ ತರಿಸಿದ್ದನ್ನು ಮಾರಿದರೂ ಹಿಂಬದಿ ಬಿಚ್ಚಿ, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನ ಸಂದು ಕೊಟ್ಟು, ಅಂಚಿಗೆ ಟೇಪು ಸುತ್ತಿ, ಹಿಂದೆ ಗಾಳಿಯಾಡುವಂತೆ ಕೆಳಮೂಲೆಗಳಿಗೆ ಬೆಂಡಿನ ತುಂಡು ಅಂಟಿಸಿ ಕೊಡಲಿ. ಅದಕ್ಕೆ ಹೆಚ್ಚು ಹಣ ಕೇಳಿದರೆ ನಾವೂ ಚೌಕಾಸಿ ಮಾಡದೆ ಕೊಡೋಣ. ಚಿತ್ತಾರ ಕೊಂಡವರು ಮಾತ್ರ ಫ್ರೇಮು ಮೊದಲೇ ಕೊಳ್ಳಬೇಡಿ. ಚಿತ್ರವನ್ನೇ ಅಂಗಡಿಗೆ ಒಯ್ದು, ಎಳೆಗಳೆಲ್ಲ ಕಾಣುವಂತೆ ಕಟ್ಟು ಹಾಕಿಸಿ.